ನೆಲದ ನಡುಕವನ್ನು ಆಲಿಸುವ ಬಗೆ

ಮಳೆಗಾಲದ ರಾತ್ರಿ ಮಿಂಚು ಹೊಳೆದೊಡನೆ ಮಕ್ಕಳು ಒಂದು, ಎರಡು ಎಂದು ಎಣಿಸತೊಡಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹದಿನೈದು ಸೆಕೆಂಡಿಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 5 ಕಿಲೋಮೀಟರು ದೂರದಲ್ಲಿ ಎರಗಿತೆಂದು ಲೆಕ್ಕ. ಬೆಳಕು ಮುಂದೆ ಬರುತ್ತದೆ, ಶಬ್ದ ಹಿಂದೆ ಉಳಿಯುತ್ತದೆ. ಅವೆರಡರ ಅಂತರವೇ ದೂರದ ಅಳತೆಗೋಲು. ಭೂಕಂಪದ ನೆಲೆಯನ್ನು ಗೊತ್ತುಮಾಡುವ ಶಾಸ್ತ್ರವೂ ಮೂಲದಲ್ಲಿ ಈ ಮಕ್ಕಳ ಲೆಕ್ಕವೇ.

ನೆಲದಾಳದಲ್ಲಿ ಬಂಡೆ ಬಿರಿದು ಜರುಗಿದಾಗ ಎರಡು ಬಗೆಯ ಅಲೆಗಳು ಏಕಕಾಲದಲ್ಲಿ ಹೊರಡುತ್ತವೆ. ಪ್ರಾಥಮಿಕ ಅಲೆಯು ತಾನು ಸಾಗುವ ದಿಕ್ಕಿನಲ್ಲಿಯೇ ಬಂಡೆಯನ್ನು ಒತ್ತಿ ಹಿಗ್ಗಿಸುತ್ತ ಸೆಕೆಂಡಿಗೆ ಸುಮಾರು 6 ಕಿಲೋಮೀಟರು ಓಡುತ್ತದೆ. ದ್ವಿತೀಯಕ ಅಲೆಯು ಬಂಡೆಯನ್ನು ಅಡ್ಡಲಾಗಿ ಅಲುಗಿಸುತ್ತ ಸುಮಾರು 3.5 ಕಿಲೋಮೀಟರಿನ ವೇಗದಲ್ಲಿ ಹಿಂಬಾಲಿಸುತ್ತದೆ. ಕಟ್ಟಡಗಳಿಗೆ ಹೆಚ್ಚು ಕೇಡು ಮಾಡತಕ್ಕುದು ಇದೂ ಇದರ ಹಿಂದೆ ಬರುವ ಮೇಲ್ಮೈ ಅಲೆಗಳೂ. 1897ರ ಅಸ್ಸಾಂ ಭೂಕಂಪದ ದಾಖಲೆಗಳಲ್ಲಿ ಈ ಅಲೆಗಳನ್ನು ಬೇರ್ಪಡಿಸಿ ಗುರುತಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಆರ್. ಡಿ. ಓಲ್ಡ್‌ಹ್ಯಾಮ್. ಹತ್ತಿರದ ಕಂಪನಗಳಲ್ಲಿ ಎರಡು ಅಲೆಗಳ ನಡುವಣ ಒಂದೊಂದು ಸೆಕೆಂಡಿಗೂ ಸುಮಾರು 8 ಕಿಲೋಮೀಟರು ದೂರ ಎಣಿಸಬಹುದು. ಹೀಗೆ ಮೂರು ಊರುಗಳಿಂದ ದೊರೆತ ದೂರಗಳನ್ನು ತ್ರಿಜ್ಯವಾಗಿಟ್ಟು ನಕಾಶೆಯಲ್ಲಿ ವೃತ್ತಗಳನ್ನೆಳೆದರೆ ಅವು ಸಂಧಿಸುವೆಡೆಯೇ ಕಂಪನಕೇಂದ್ರ.

ಭೂಕಂಪಮಾಪಕದ ತಿರುಳು ತೂಗುಬಿಟ್ಟ ಒಂದು ಭಾರ. ನೆಲದೊಡನೆ ಚೌಕಟ್ಟು ಅಲುಗುತ್ತದೆ. ಭಾರ ಜಡತ್ವದಿಂದ ಹಿಂದುಳಿಯುತ್ತದೆ. ಆ ವ್ಯತ್ಯಾಸವೇ ದಾಖಲೆಯಾಗುತ್ತದೆ. ಆದರೆ ಗಾಳಿ, ಗಾಡಿ, ದೂರದ ಕಡಲು ಇವೆಲ್ಲವೂ ನೆಲವನ್ನು ಅಲುಗಿಸುತ್ತಿರುವುದರಿಂದ ಒಂಟಿ ಮಾಪಕಕ್ಕೆ ಸಣ್ಣ ಕಂಪನ ತಿಳಿಯುವುದು ಕಷ್ಟ. ಇದಕ್ಕೊಂದು ಸೊಗಸಾದ ಉಪಾಯ ನಮ್ಮ ಗೌರಿಬಿದನೂರಿನಲ್ಲಿದೆ. ಭೂಗರ್ಭದ ಅಣುಸ್ಫೋಟಗಳನ್ನು ಪತ್ತೆಹಚ್ಚುವುದಕ್ಕೆಂದು 1965ರಲ್ಲಿ ಅಲ್ಲಿ ಇಪ್ಪತ್ತು ಮಾಪಕಗಳನ್ನು ಲಂಬಕೋನದಲ್ಲಿ ಕೂಡುವ ಎರಡು ಉದ್ದನೆಯ ಸಾಲುಗಳಲ್ಲಿ ಹೂಳಲಾಯಿತು. ಕೆರೆಯ ಅಲೆ ಮೊದಲು ಯಾವ ಮೆಟ್ಟಿಲನ್ನು ಮುಟ್ಟಿತು, ಆಮೇಲೆ ಯಾವುದನ್ನು ಎಂಬುದನ್ನು ನೋಡಿ ಕಲ್ಲು ಯಾವ ಕಡೆ ಬಿತ್ತೆಂದು ಹೇಳಬಹುದಷ್ಟೆ. ಹಾಗೆಯೇ ಇಲ್ಲಿ ಮಾಪಕಗಳ ಸರದಿಯಿಂದ ದಿಕ್ಕು ತಿಳಿಯುತ್ತದೆ. ಆಯಾ ವಿಳಂಬವನ್ನು ಕಳೆದು ಎಲ್ಲ ದಾಖಲೆಗಳನ್ನೂ ಕೂಡಿಸಿದರೆ ನಿಜವಾದ ಅಲೆ ಬಲಗೊಳ್ಳುತ್ತದೆ, ಸ್ಥಳೀಯ ಗದ್ದಲ ತಂತಾನೇ ಕುಗ್ಗುತ್ತದೆ.

ಭೂಕಂಪ ಇಂಥ ದಿನವೇ ಆಗುವುದೆಂದು ಇಂದಿಗೂ ಯಾರೂ ಹೇಳಲಾರರು. ಆದರೆ ಹೊರಟ ಅಲೆಗಿಂತ ಮುಂಚೆ ಸುದ್ದಿ ಮುಟ್ಟಿಸಬಹುದು. 100 ಕಿಲೋಮೀಟರು ಆಚೆಯ ಊರಿಗೆ ದ್ವಿತೀಯಕ ಅಲೆ ಬರಲು ಸುಮಾರು 28 ಸೆಕೆಂಡು ಬೇಕು. ಕೇಂದ್ರದ ಸಮೀಪದ ಮಾಪಕಗಳು ಪ್ರಾಥಮಿಕ ಅಲೆಯನ್ನು ಹಿಡಿದು ಎಣಿಕೆ ಹಾಕುವುದರಲ್ಲಿ ಹತ್ತು ಸೆಕೆಂಡು ಹೋದರೂ ಹದಿನೆಂಟು ಉಳಿಯುತ್ತವೆ. ರೈಲನ್ನು ನಿಧಾನಿಸಲು, ಅನಿಲದ ಕೊಳವೆ ಮುಚ್ಚಲು, ಮೇಜಿನಡಿ ನುಸುಳಲು ಅಷ್ಟು ಸಾಕು. ಜಪಾನು 2007ರಿಂದ ಜನಸಾಮಾನ್ಯರಿಗೆ ಇಂತಹ ಎಚ್ಚರಿಕೆ ನೀಡುತ್ತಿದೆ.

ಕಂಪನ ಕಾಲಡಿಯಲ್ಲಿಯೇ ಹುಟ್ಟಿದರೋ? ಆಗ ಈ ಉಪಾಯ ನಡೆಯದು. ನಮ್ಮ ಗಡಿಯಾಚೆಯ, ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಆದುದು ಅದೇ. 1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ ನಾಲ್ಕಕ್ಕೆ ನಾಲ್ಕು ನಿಮಿಷವಿತ್ತು. ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನ ಮಲಗಿದ್ದರು. ಅಲ್ಲಿಂದ ಗೌರಿಬಿದನೂರು ಸುಮಾರು 500 ಕಿಲೋಮೀಟರು. ಪ್ರಾಥಮಿಕ ಅಲೆ ಅಲ್ಲಿಗೆ ಮುಟ್ಟಲು ಒಂದು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟರೊಳಗೆ ಹಳ್ಳಿಗಳು ಕುಸಿದಿದ್ದವು. ಸತ್ತವರು ಹತ್ತು ಸಾವಿರದ ಸಮೀಪ. ಕಂಪನದ ಪರಿಮಾಣವಾದರೋ ಸುಮಾರು 6.2, ಇಷ್ಟರಿಂದ ಜಪಾನಿನ ಪಟ್ಟಣಗಳಲ್ಲಿ ಇಂತಹ ಸಾವು ಸಂಭವಿಸದು. ಅಪಾಯದ ನಕಾಶೆಯಲ್ಲಿ ಆಗ ಕಿಲ್ಲಾರಿ ಅತ್ಯಂತ ನಿರ್ಭಯ ವಲಯದಲ್ಲಿತ್ತು. 2002ರ ಪರಿಷ್ಕರಣದಲ್ಲಿ ಆ ವಲಯವನ್ನೇ ಕೈಬಿಡಲಾಯಿತು.

ಕೊಂದದ್ದು ಮನೆಗಳು. ಕೆಸರಿನಲ್ಲಿ ಕಟ್ಟಿದ ಕಾಡುಗಲ್ಲಿನ ದಪ್ಪ ಗೋಡೆ, ಮೇಲೆ ಬಿಸಿಲು ತಡೆಯಲೆಂದು ವರ್ಷವರ್ಷವೂ ಹೇರುತ್ತ ಬಂದ ಮಣ್ಣಿನ ಮಾಳಿಗೆ. ಇಂತಹ ಗೋಡೆ ನೋಡಲು ಒಂದು; ನಿಜಕ್ಕೆ ಒಳಮೈ ಹೊರಮೈ ಎಂಬ ಎರಡು ಗೋಡೆಗಳು, ನಡುವೆ ಚೂರುಗಲ್ಲು. ಅಲುಗಿದೊಡನೆ ಅವು ಬೇರ್ಪಟ್ಟು ಉಬ್ಬಿ ಬಿರಿಯುತ್ತವೆ. ಮಾಳಿಗೆ ಮಲಗಿದವರ ಮೇಲೆ ಬೀಳುತ್ತದೆ. ಬೀದರ, ಕಲಬುರಗಿಯ ಕಡೆಗೂ ಇಂತಹ ಮನೆಗಳಿವೆ. ಅವನ್ನು ಕೆಡವಿಯೇ ಕಟ್ಟಬೇಕೆಂದೇನೂ ಇಲ್ಲ. ಮಾಳಿಗೆಯ ಮಣ್ಣನ್ನು ಇಳಿಸಿ ತೆಳುವಾಗಿಸುವುದು ಮೊದಲ ಕೆಲಸ. ಗೋಡೆಯಲ್ಲಿ ಅಲ್ಲಲ್ಲಿ ಒಂದು ಕಲ್ಲನ್ನು ಮೆಲ್ಲನೆ ತೆಗೆದು, ಎರಡು ತುದಿಯಲ್ಲೂ ಬಾಗಿಸಿದ ಕಬ್ಬಿಣದ ಸರಳನ್ನು ಒಳಗಿಂದ ಹೊರಕ್ಕೆ ಆರುಪಾರಾಗಿ ಇಟ್ಟು, ಕಂಡಿಯನ್ನು ಕಾಂಕ್ರೀಟಿನಿಂದ ತುಂಬಿದರೆ ಎರಡು ಮೈಗಳೂ ಒಂದಾಗುತ್ತವೆ. ಊರಿನ ಗೌಂಡಿ ಒಂದು ಸಲ ನೋಡಿದರೆ ಕಲಿಯಬಲ್ಲ ಕೆಲಸವಿದು.