ಬಳಸಿ ಬಿಟ್ಟ ಡಯಪರು

ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಾಗಲಿ, ಅದರ ಸುತ್ತಣ ಯಾವ ಊರಿನಲ್ಲಾಗಲಿ, ಕಿರಾಣಿ ಅಂಗಡಿಯ ಮುಂದೆ ಶಾಂಪೂ ಪೊಟ್ಟಣಗಳ ಮಾಲೆಯ ಪಕ್ಕದಲ್ಲಿ ಇಂದು ಡಯಪರುಗಳ ಮಾಲೆಯೂ ತೂಗುತ್ತಿರುತ್ತದೆ. ಒಂದೊಂದನ್ನೇ ಬಿಡಿಯಾಗಿ ಕೊಳ್ಳಬಹುದು. ಹಿಂದೆ ಪಟ್ಟಣದ ಸಿರಿವಂತರ ಮನೆಗಳಲ್ಲಿ ಮಾತ್ರ ಕಾಣುತ್ತಿದ್ದ ಈ ವಸ್ತು ಈಗ ಹಳ್ಳಿಯ ತೊಟ್ಟಿಲನ್ನೂ ಸೇರಿದೆ. ಕೊಳ್ಳುವುದು ಸುಲಭ, ಬಳಸುವುದು ಇನ್ನೂ ಸುಲಭ. ಹೊಲಸಾದ ಮೇಲೆ ಅದನ್ನು ಏನು ಮಾಡಬೇಕೆಂಬುದು ಮಾತ್ರ ಸುಲಭವಾಗಿಲ್ಲ.

ಸಾಮಾನ್ಯವಾಗಿ ನಡೆಯುವುದು ಮೂರು ಬಗೆ. ರಸ್ತೆ ಬದಿಯ ಹಳ್ಳಕ್ಕೋ ಒಣಗಿದ ಕೆರೆಯಂಗಳಕ್ಕೋ ಎಸೆಯುವುದು ಒಂದು. ಕಸದ ಗುಡ್ಡೆಯೊಡನೆ ಬೆಂಕಿಯಿಡುವುದು ಇನ್ನೊಂದು. ಕಕ್ಕಸಿನ ಗುಂಡಿಗೆ ಹಾಕಿ ಮರೆತುಬಿಡುವುದು ಮತ್ತೊಂದು. ಇವುಗಳಲ್ಲಿ ಒಂದೂ ಸರಿಹೋಗುವುದಿಲ್ಲ. ಏಕೆ ಸರಿಹೋಗುವುದಿಲ್ಲವೆಂಬುದನ್ನು ತಿಳಿಯಬೇಕಾದರೆ ಮೊದಲು ಡಯಪರಿನ ಒಳಗೆ ಏನಿದೆಯೆಂಬುದನ್ನು ನೋಡಬೇಕು.

ಹೊರಗಡೆ ನೀರು ದಾಟದ ತೆಳುವಾದ ಪಾಲಿಥೀನ್ ಹಾಳೆ. ಮಗುವಿನ ಮೈಗೆ ತಾಗುವ ಕಡೆ ಪಾಲಿಪ್ರೊಪಿಲೀನ್ ಎಳೆಗಳ ಮೃದುವಾದ ಹೊದಿಕೆ. ಇವೆರಡರ ನಡುವೆ ಮರದ ತಿರುಳಿನಿಂದ ಮಾಡಿದ ಹತ್ತಿಯಂಥ ನಾರು. ಈ ನಾರಿನಲ್ಲಿ ಉಪ್ಪಿನ ಹರಳಿನಂತೆ ಕಾಣುವ ಬಿಳಿಯ ಪುಡಿಯೊಂದು ಬೆರೆತಿರುತ್ತದೆ. ಅದರ ಹೆಸರು ಸೋಡಿಯಂ ಪಾಲಿಅಕ್ರಿಲೇಟ್. ಪ್ಯಾಂಪರ್ಸ್ ಡಯಪರು ಅಮೆರಿಕದಲ್ಲಿ 1961ರಲ್ಲಿ ಮಾರಾಟಕ್ಕೆ ಬಂದಾಗ ಅದರೊಳಗೆ ಈ ಪುಡಿ ಇರಲಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಿಯೋರಿಯ ಪ್ರಯೋಗಶಾಲೆಯವರು ಜೋಳದ ಪಿಷ್ಟದಿಂದ ಇಂಥದೇ ನೀರುಬಾಕ ವಸ್ತುವೊಂದನ್ನು ತಯಾರಿಸಿದರು. ಹೊಲದ ಮಣ್ಣಿನಲ್ಲಿ ತೇವ ಉಳಿಸುವುದು ಅವರ ಉದ್ದೇಶವಾಗಿತ್ತು. ಆ ಕುಲದ ಪುಡಿಗಳು ಡಯಪರಿಗೆ ಬಂದುದು 1980ರ ದಶಕದಲ್ಲಿ. ಹೊಲಕ್ಕೆಂದು ಹುಡುಕಿದುದು ತೊಟ್ಟಿಲಿಗೆ ಸೇರಿತು!

ಈ ಪುಡಿಯ ಕೆಲಸ ಸ್ಪಂಜಿನ ಕೆಲಸದಂತಲ್ಲ. ಸ್ಪಂಜು ತನ್ನ ರಂಧ್ರಗಳಲ್ಲಿ ನೀರನ್ನು ತುಂಬಿಕೊಳ್ಳುತ್ತದೆ, ಹಿಂಡಿದರೆ ಬಿಟ್ಟುಕೊಡುತ್ತದೆ. ಸೋಡಿಯಂ ಪಾಲಿಅಕ್ರಿಲೇಟಿನ ಅಣುವಾದರೋ ಬಹು ಉದ್ದನೆಯ ಸರಪಳಿ. ಸರಪಳಿಯ ಉದ್ದಕ್ಕೂ ಋಣ ವಿದ್ಯುದಂಶಗಳಿವೆ. ಅವುಗಳ ಜೊತೆಗೆ ಧನ ವಿದ್ಯುದಂಶವುಳ್ಳ ಸೋಡಿಯಂ ಅಯಾನುಗಳಿವೆ. ನೀರು ಸೋಕಿದೊಡನೆ ಈ ಅಯಾನುಗಳು ಬಿಡಿಬಿಡಿಯಾಗುತ್ತವೆ. ಆದರೆ ಸರಪಳಿಯ ಆಕರ್ಷಣೆಯಿಂದ ತಪ್ಪಿಸಿಕೊಂಡು ಹೊರಕ್ಕೆ ಹೋಗಲಾರವು. ಹೀಗೆ ಹರಳಿನ ಒಳಗೆ ಅಯಾನುಗಳು ಹೆಚ್ಚು, ಹೊರಗೆ ಕಡಿಮೆ. ಈ ವ್ಯತ್ಯಾಸದಿಂದ ಪರಾಸರಣ ಒತ್ತಡವುಂಟಾಗಿ ನೀರು ಒಳಕ್ಕೆ ನುಗ್ಗುತ್ತದೆ. ಒಣದ್ರಾಕ್ಷಿ ನೀರಿನಲ್ಲಿ ಊದಿಕೊಳ್ಳುವುದೂ ಇದೇ ಕಾರಣದಿಂದ. ಸರಪಳಿಗಳನ್ನು ಅಲ್ಲಲ್ಲಿ ಒಂದಕ್ಕೊಂದು ಗಂಟುಹಾಕಿರುವುದರಿಂದ ಪುಡಿ ಕರಗಿಹೋಗದೆ ಲೋಳೆಯಂಥ ಜೆಲ್ಲಾಗಿ ನಿಲ್ಲುತ್ತದೆ. ಬಟ್ಟಿಯಿಳಿಸಿದ ನೀರನ್ನಾದರೆ ತನ್ನ ತೂಕದ ಕೆಲವು ನೂರು ಪಟ್ಟು ಹೀರಬಲ್ಲ ಈ ಪುಡಿ, ಲವಣಗಳಿರುವ ಮೂತ್ರವನ್ನು ಸುಮಾರು ಮೂವತ್ತು ಪಟ್ಟು ಮಾತ್ರ ಹೀರುತ್ತದೆ. ಹೊರಗಿನ ದ್ರವದಲ್ಲಿಯೂ ಅಯಾನುಗಳಿದ್ದರೆ ಒಳಹೊರಗಿನ ವ್ಯತ್ಯಾಸ ತಗ್ಗುತ್ತದಷ್ಟೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಹೊಸದೊಂದು ಡಯಪರನ್ನು ಕತ್ತರಿಸಿ, ಕಾಗದದ ಮೇಲೆ ಒದರಿ, ಪುಡಿಯನ್ನು ಮೆಲ್ಲನೆ ಬೇರ್ಪಡಿಸಿರಿ. ಪುಡಿ ಮೂಗಿಗೆ ಹಾರದಂತೆ ಎಚ್ಚರಿಕೆಯಿರಲಿ. ಎರಡು ಲೋಟಗಳಲ್ಲಿ ಒಂದೊಂದು ಚಿಟಿಕೆ ಹಾಕಿ, ಒಂದಕ್ಕೆ ಮಳೆಯ ನೀರನ್ನೂ ಇನ್ನೊಂದಕ್ಕೆ ಕೊಳವೆಬಾವಿಯ ನೀರನ್ನೂ ಸ್ವಲ್ಪ ಸ್ವಲ್ಪವಾಗಿ ಸೇರಿಸಿರಿ. ನಮ್ಮ ಜಿಲ್ಲೆಯ ಕೊಳವೆಬಾವಿಗಳ ಗಡಸು ನೀರಿನಲ್ಲಿ ಜೆಲ್ಲು ಮಳೆನೀರಿನಲ್ಲಿದ್ದಷ್ಟು ಉಬ್ಬುವುದಿಲ್ಲವೆಂಬುದು ಕಣ್ಣಿಗೇ ಕಾಣುತ್ತದೆ. ಅನಂತರ ಉಬ್ಬಿದ ಜೆಲ್ಲಿಗೆ ಒಂದು ಚಮಚ ಅಡಿಗೆಯ ಉಪ್ಪನ್ನು ಹಾಕಿ ಕಲಕಿರಿ. ಗಟ್ಟಿಯಾಗಿದ್ದ ಜೆಲ್ಲು ಕುಸಿದು ನೀರನ್ನು ಬಿಡುತ್ತದೆ. ಈ ಕೊನೆಯ ಸಂಗತಿ ಮುಂದೆ ನಮಗೆ ಬೇಕಾಗುತ್ತದೆ, ನೆನಪಿನಲ್ಲಿಟ್ಟುಕೊಳ್ಳಿರಿ.

ಈಗ ಬೆಂಕಿಯ ಮಾತು. ರಾತ್ರಿಯೆಲ್ಲ ಮಗು ತೊಟ್ಟ ಡಯಪರಿನಲ್ಲಿ 200 ಗ್ರಾಂ ನೀರಿದೆಯೆಂದು ಇಟ್ಟುಕೊಳ್ಳೋಣ. ಅದನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 15,000 ಕ್ಯಾಲೊರಿ ಬೇಕು. ಕುದಿದ ಒಂದೊಂದು ಗ್ರಾಂ ನೀರನ್ನು ಆವಿಯಾಗಿಸಲು 540 ಕ್ಯಾಲೊರಿ ಗುಪ್ತೋಷ್ಣ ಬೇಕಾದುದರಿಂದ 1,08,000 ಕ್ಯಾಲೊರಿ ಇನ್ನೂ ಬೇಕು. ಒಟ್ಟು 1,23,000 ಕ್ಯಾಲೊರಿ. ಡಯಪರಿನ ಒಣ ಭಾಗವೆಲ್ಲ ಪೂರ್ತಿಯಾಗಿ ಉರಿದರೆ ಬರುವ ಶಾಖ ಇದಕ್ಕಿಂತ ಹೆಚ್ಚೇ ಸರಿ. ಆದರೆ ಬಯಲಿನ ಬೆಂಕಿಯಲ್ಲಿ ಶಾಖದ ಬಹುಪಾಲು ಗಾಳಿಗೆ ಹೋಗುತ್ತದೆ. ನೀರಿಗೆ ತಲಪುವುದು ಸ್ವಲ್ಪ. ಜೆಲ್ಲಿನೊಳಗೆ ನೀರಿರುವವರೆಗೆ ಆ ಭಾಗದ ಉಷ್ಣತೆ 100 ಡಿಗ್ರಿಯ ಸಮೀಪದಲ್ಲಿಯೇ ನಿಲ್ಲುತ್ತದೆ. ಪರಿಣಾಮವಾಗಿ ಹೊರಗಣ ಪ್ಲಾಸ್ಟಿಕ್ಕು ಅರೆಬೆಂದು ಕರಿಹೊಗೆಯಾಗುತ್ತದೆ; ಒಳಗಿನ ಮುದ್ದೆ ಬೂದಿಯಾಗದೆ ಉಳಿಯುತ್ತದೆ. ಮಾರನೆಯ ದಿನ ನಾಯಿಗಳು ಅದನ್ನೇ ಎಳೆದಾಡುವುದನ್ನು ನೋಡಬಹುದು. ಹೀಗೆ ಬೆಂಕಿಯಿಡುವುದು ವಿಲೇವಾರಿಯಲ್ಲ. ಬೀದಿಯಲ್ಲಿದ್ದುದನ್ನು ನೆರೆಮನೆಯವರ ಶ್ವಾಸಕೋಶಕ್ಕೆ ಕಳಿಸಿದಂತೆ.

ಇಂಡೊನೇಷಿಯದ ಜಾವಾ ದ್ವೀಪದಲ್ಲಿ ಡಯಪರನ್ನು ಸುಟ್ಟರೆ ಮಗುವಿನ ಮೈಗೆ ಉರಿ ಹತ್ತುತ್ತದೆಂಬ ನಂಬಿಕೆಯುಂಟು. ಆದುದರಿಂದ ಹಲವರು ಸುಡದೆ ಹೊಳೆಗೆ ಹಾಕುತ್ತಾರೆ. ಬ್ರಾಂತಾಸ್ ನದಿಯಲ್ಲಿ ತೇಲುವ ಡಯಪರುಗಳನ್ನು ಎತ್ತಿ ತೆಗೆಯಲು 2017ರಲ್ಲಿ ಪರಿಸರಪ್ರೇಮಿಗಳು ಒಂದು ಪಡೆಯನ್ನೇ ಕಟ್ಟಬೇಕಾಯಿತು. ಸುಡದಿರಲು ಅವರಿಗೆ ಮೂಢನಂಬಿಕೆ ಕಾರಣವಾದರೆ ನಮಗೆ ಗುಪ್ತೋಷ್ಣ ಕಾರಣವಾಗಲಿ. ನಮ್ಮ ಕಡೆಯಲ್ಲಿಯೂ ಒಂದು ನಂಬಿಕೆಯಿದೆ: ಹಾಲು ಕುಡಿಯುವ ಕೂಸಿನ ಮಲದಲ್ಲಿ ದೋಷವಿಲ್ಲವೆಂದು. ಇದು ತಪ್ಪು. ಭೇದಿಯುಂಟುಮಾಡುವ ರೋಟಾವೈರಸ್ಸು ಹರಡುವುದು ಬಹುಮಟ್ಟಿಗೆ ಎಳೆಯ ಮಕ್ಕಳ ಮಲದಿಂದಲೇ. ಉತ್ತರ ಪಿನಾಕಿನಿಯ ಪಾತ್ರ ವರ್ಷದ ಬಹುಭಾಗ ಒಣಗಿರುವುದು ನಿಜ. ಆದರೆ ಮಳೆ ಬಂದ ದಿನ ಹಳ್ಳದಲ್ಲಿ ಬಿದ್ದುದೆಲ್ಲ ಎತ್ತ ಹೋಗುತ್ತದೆಂಬುದನ್ನು ಹೇಳಬೇಕಾಗಿಲ್ಲ.

ಕಕ್ಕಸಿನ ಗುಂಡಿಯ ಲೆಕ್ಕವನ್ನೂ ಹಾಕೋಣ. ದಿನಕ್ಕೆ ನಾಲ್ಕರಂತೆ ಎರಡೂವರೆ ವರ್ಷಕ್ಕೆ ಒಂದು ಮಗುವಿಗೆ ಸುಮಾರು 3,650 ಡಯಪರು. ಬಳಸಿ ಸುತ್ತಿದ ಒಂದು ಡಯಪರು 400 ಘನ ಸೆಂಟಿಮೀಟರು ಜಾಗ ಹಿಡಿದರೆ ಒಟ್ಟು ಒಂದೂವರೆ ಘನ ಮೀಟರಿನಷ್ಟಾಯಿತು. ಹಳ್ಳಿಯ ಮನೆಯ ಎರಡು ಗುಂಡಿಗಳ ಕಕ್ಕಸಿನಲ್ಲಿ ಒಂದೊಂದು ಗುಂಡಿ ಒಂದು ಮೀಟರು ಅಗಲ, ಒಂದು ಮೀಟರು ಆಳವಿದ್ದರೆ ಎರಡರ ಗಾತ್ರವೂ ಸೇರಿ ಅಷ್ಟೇ. ಒಂದು ಮಗು ಎರಡು ಗುಂಡಿಗಳನ್ನೂ ತುಂಬಿಬಿಡುತ್ತದೆ! ಮಲ ಕೊಳೆತು ಗೊಬ್ಬರವಾಗುತ್ತದೆ; ಪ್ಲಾಸ್ಟಿಕ್ಕು ಆಗುವುದಿಲ್ಲ. ಕೊಳಾಯಿ ಕಟ್ಟಿಕೊಂಡರೆ ಅದನ್ನು ಬಿಡಿಸಲು ಕೊಡುವ ಕೂಲಿ ಬೇರೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ಡಯಪರಿನಲ್ಲಿರುವ ಮಲವನ್ನು ಕಕ್ಕಸಿಗೆ ಉದುರಿಸಿ ನೀರು ಹಾಕಬೇಕು. ಇದಕ್ಕೆ ಖರ್ಚಿಲ್ಲ, ರೋಗಾಣುಗಳ ಬಹುಪಾಲು ಇಲ್ಲಿಯೇ ಮುಗಿಯುತ್ತದೆ. ಆದರೂ ಬಹುಮಂದಿ ಬಿಟ್ಟುಬಿಡುವ ಕೆಲಸವೂ ಇದೇ. ಅನಂತರ ಡಯಪರನ್ನು ಬಿಗಿಯಾಗಿ ಸುರುಳಿ ಸುತ್ತಿ, ಅದರ ಅಂಟುಪಟ್ಟಿಯಿಂದಲೇ ಮುಚ್ಚಿ, ಹಳೆಯ ವೃತ್ತಪತ್ರಿಕೆಯಲ್ಲಿ ಕಟ್ಟಿ, ಮೇಲೆ ಕೆಂಪು ಮಸಿಯಿಂದ ಒಂದು ಗುರುತು ಮಾಡಬೇಕು. ಮುಚ್ಚಳವಿರುವ ಹಳೆಯ ಡಬ್ಬಿಯೊಂದು ಇದಕ್ಕೇ ಮೀಸಲಾಗಿರಲಿ. ಕೈಯನ್ನು ಸಾಬೂನಿನಿಂದ ತೊಳೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಕೆಂಪು ಗುರುತು ಏತಕ್ಕೆ? ಕಸವನ್ನು ಕೊನೆಗೆ ಕೈಯಿಂದ ಬಿಡಿಸುವವರು ಮನುಷ್ಯರು. ಹಲವು ಗ್ರಾಮ ಪಂಚಾಯಿತಿಗಳಲ್ಲಿ ಈಗ ‘ಸ್ವಚ್ಛ ವಾಹಿನಿ’ ಗಾಡಿಗಳು ಮನೆಮನೆಗೆ ಬರುತ್ತವೆ; ಅವುಗಳನ್ನು ನಡೆಸುವವರೂ ಕಸ ಬಿಡಿಸುವವರೂ ಅನೇಕ ಕಡೆ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು. ಗುರುತಿಲ್ಲದ ಪೊಟ್ಟಣವನ್ನು ಅವರು ಬಿಚ್ಚಿ ನೋಡಲೇಬೇಕಾಗುತ್ತದೆ. ಬೆಂಗಳೂರಿನಲ್ಲಿ 2015ರ ಡಿಸೆಂಬರಿನಲ್ಲಿ ಹೈಕೋರ್ಟಿನ ಆದೇಶದಂತೆ ಜಾರಿಗೆ ಬಂದ ‘ಎರಡು ಬುಟ್ಟಿ, ಒಂದು ಚೀಲ’ದ ಕ್ರಮದಲ್ಲಿ ಡಯಪರಿನಂಥ ಕಸಕ್ಕೆ ಕೆಂಪು ಬುಟ್ಟಿಯೇ ಗೊತ್ತಾಯಿತು. ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿಯಮಗಳು ಇಂಥ ಕಸವನ್ನು ಸುತ್ತಿಯೇ ಕೊಡಬೇಕೆಂದೂ, ಸುತ್ತುವ ಚೀಲವನ್ನು ತಯಾರಕರೇ ಒದಗಿಸಬೇಕೆಂದೂ ಹೇಳಿದುವು. 2026ರ ಹೊಸ ನಿಯಮಗಳಲ್ಲಿ ಅದನ್ನು ಹಸಿ ಕಸದಿಂದಲೂ ಒಣ ಕಸದಿಂದಲೂ ಬೇರೆಯಾದ ವರ್ಗವಾಗಿಯೇ ಎಣಿಸಲಾಗಿದೆ. ಬಿಡಿಯಾಗಿ ಕೊಂಡ ಡಯಪರಿನೊಡನೆ ಚೀಲ ಬರುವುದನ್ನು ನಾನಂತೂ ಕಂಡಿಲ್ಲ, ವೃತ್ತಪತ್ರಿಕೆಯೇ ಗತಿ.

ಗಾಡಿ ಬಾರದ ತೋಟದ ಮನೆಗಳಿಗೆ, ವಾರಕ್ಕೊಮ್ಮೆ ಬರುವ ಬೀದಿಗಳಿಗೆ ಬೇರೆ ಉಪಾಯ ಬೇಕು. ಇಲ್ಲಿ ನಾವು ನೆನಪಿನಲ್ಲಿಟ್ಟುಕೊಂಡ ಉಪ್ಪಿನ ಸಂಗತಿ ಉಪಯೋಗಕ್ಕೆ ಬರುತ್ತದೆ. ಉಪ್ಪು ಮಣ್ಣನ್ನು ಕೆಡಿಸುವುದರಿಂದ ಅದಕ್ಕೆ ಬದಲಾಗಿ ಗೋಡೆಗೆ ಹಚ್ಚುವ ಅರಳಿದ ಸುಣ್ಣವನ್ನು ಬಳಸಬಹುದು. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಅಯಾನಿಗೆ ಎರಡು ಧನ ವಿದ್ಯುದಂಶಗಳು. ಅದು ಎರಡು ಸರಪಳಿಗಳನ್ನು ಒಂದಕ್ಕೊಂದು ಬಿಗಿದು ಜೆಲ್ಲನ್ನು ಕುಗ್ಗಿಸುತ್ತದೆ, ನೀರು ಹೊರಬೀಳುತ್ತದೆ. ಡಯಪರುಗಳನ್ನು ಮರುಬಳಕೆಗೆ ತರುವ ಕಾರ್ಖಾನೆಗಳಲ್ಲಿ ಕ್ಯಾಲ್ಸಿಯಂ ಲವಣಗಳನ್ನು ಬಳಸುವುದೂ ಇದಕ್ಕಾಗಿಯೇ. ಎಷ್ಟು ಸುಣ್ಣ ಬೇಕು? ಒಂದು ಡಯಪರಿನಲ್ಲಿ 12 ಗ್ರಾಂ ಪುಡಿಯಿದೆಯೆನ್ನೋಣ. ಸರಪಳಿಯ ಒಂದು ಕೊಂಡಿಯ ಅಣುತೂಕ 94. ಭಾಗಿಸಿದರೆ 0.13 ಗ್ರಾಂಅಣು ಬರುತ್ತದೆ. ಎರಡು ಕೊಂಡಿಗೆ ಒಂದು ಕ್ಯಾಲ್ಸಿಯಮ್ಮಿನಂತೆ 0.065 ಗ್ರಾಂಅಣು, ಸುಣ್ಣದ ಅಣುತೂಕವಾದ 74ರಿಂದ ಗುಣಿಸಿದರೆ ಸುಮಾರು 5 ಗ್ರಾಂ. ಸುಣ್ಣ ನೀರಿನಲ್ಲಿ ಅಷ್ಟಾಗಿ ಕರಗದುದರಿಂದ ಇದರ ಎರಡರಷ್ಟು, ಅಂದರೆ ಎರಡು ಚಮಚ ಹಾಕುವುದು ಲೇಸು.

ಮೂತ್ರ ಮಾತ್ರವಿರುವ ಡಯಪರನ್ನು ಕೈಗೆ ಪ್ಲಾಸ್ಟಿಕ್ ಚೀಲ ತೊಟ್ಟು ನಡುವೆ ಸೀಳಿ, ಒಳಗಿನ ನಾರು ಮತ್ತು ಜೆಲ್ಲನ್ನು ಎರಡಡಿ ಅಗಲ, ಮೂರಡಿ ಆಳದ ಗುಂಡಿಗೆ ಉದುರಿಸಿ, ಸುಣ್ಣ ಎರಚಿ, ಒಣಗಿದ ಎಲೆಯನ್ನೂ ಒಂದು ಬೊಗಸೆ ಮಣ್ಣನ್ನೂ ಮೇಲೆ ಹಾಕಬೇಕು. ಗುಂಡಿ ಬಾವಿಯಿಂದ 50 ಅಡಿಗಿಂತ ಹತ್ತಿರವಿರಬಾರದು. ಮಕ್ಕಳಿಗೆ ಎಟುಕದಂತೆ ಮುಚ್ಚಳವಿರಬೇಕು. ನಾರು ಕೊಳೆಯುತ್ತದೆ, ಜೆಲ್ಲು ಬಹು ನಿಧಾನವಾಗಿ ಶಿಥಿಲವಾಗುತ್ತದೆ. ಈ ಮಣ್ಣನ್ನು ತರಕಾರಿ ಮಡಿಗೆ ಹಾಕುವುದು ಬೇಡ. ಉಳಿದ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಲಿನಲ್ಲಿ ಒಣಗಿಸಿದರೆ 200 ಗ್ರಾಮಿಗೂ ಮೇಲೆ ತೂಗುತ್ತಿದ್ದುದು ಹದಿನೈದಿಪ್ಪತ್ತು ಗ್ರಾಮಿಗೆ ಇಳಿಯುತ್ತದೆ. ಅದನ್ನು ಗಾಡಿ ಬರುವವರೆಗೆ ವಾಸನೆಯಿಲ್ಲದೆ ಇಟ್ಟುಕೊಳ್ಳಬಹುದು. ಸುಣ್ಣದ ವಿಚಾರದಲ್ಲಿ ಎರಡು ಎಚ್ಚರಿಕೆಗಳು: ಅರಳದ ಸುಣ್ಣವನ್ನು ಎಂದಿಗೂ ಹಾಕಬಾರದು, ನೀರು ತಾಗಿದರೆ ಅದು ಕುದಿಯುತ್ತದೆ, ಅರಳಿದ ಸುಣ್ಣವೂ ಕಣ್ಣಿಗೆ ಬಿದ್ದರೆ ಅಪಾಯ. ಸುಣ್ಣದ ಕ್ಷಾರ ಅನೇಕ ರೋಗಾಣುಗಳನ್ನು ಕೊಲ್ಲುತ್ತದಾದರೂ ಜಂತುಹುಳುವಿನ ಮೊಟ್ಟೆಗಳಿಗೆ ಅದು ಸುಲಭವಾಗಿ ತಾಗದು. ಆದುದರಿಂದ ಮಲವಿರುವುದನ್ನು ಈ ಗುಂಡಿಗೆ ಹಾಕಬಾರದು.

ದೂರದ ದೇಶಗಳಲ್ಲಿ ಇನ್ನೂ ವಿಚಿತ್ರವಾದ ಪ್ರಯತ್ನಗಳು ನಡೆದಿವೆ. ಮೆಕ್ಸಿಕೊದ ವಿಜ್ಞಾನಿಗಳು ಬಳಸಿದ ಡಯಪರಿನ ಮೇಲೆ ಸಿಂಪಿ ಅಣಬೆಯನ್ನು ಬೆಳೆಸಿ ಅದರ ನಾರನ್ನು ಜೀರ್ಣಿಸಿದ್ದಾರೆ. ಜಪಾನಿನ ಕಿಟಾಕ್ಯೂಷು ವಿಶ್ವವಿದ್ಯಾಲಯದವರು 2023ರಲ್ಲಿ ತೊಳೆದು ಚೂರುಮಾಡಿದ ಡಯಪರುಗಳನ್ನು ಮರಳಿನ ಒಂದಂಶಕ್ಕೆ ಬದಲಾಗಿ ಕಾಂಕ್ರೀಟಿಗೆ ಬೆರೆಸಿ ಇಂಡೊನೇಷಿಯದಲ್ಲಿ ಸಣ್ಣ ಮನೆಯೊಂದನ್ನೇ ಕಟ್ಟಿದರು. ಕೇಳಲು ಚೆನ್ನಾಗಿದೆ, ಮನೆಯಲ್ಲಿ ಮಾಡುವಂಥದಲ್ಲ.

ಎಲ್ಲಕ್ಕಿಂತ ಅಗ್ಗವಾದ ವಿಲೇವಾರಿಯೆಂದರೆ ಡಯಪರಿನ ಸಂಖ್ಯೆಯನ್ನೇ ತಗ್ಗಿಸುವುದು. ಹಳೆಯ ಪಂಚೆ, ಮೆತ್ತಗಾದ ಹತ್ತಿಯ ಸೀರೆ ಇವುಗಳ ಲಂಗೋಟಿ ಹರಿದು ಚಿಂದಿಯಾದ ಮೇಲೂ ಮಣ್ಣಿನಲ್ಲಿ ಮಣ್ಣಾಗುತ್ತದೆ. ಆದರೆ ತಾಯಂದಿರು ಡಯಪರನ್ನು ಮೆಚ್ಚಿದುದು ಸೋಮಾರಿತನದಿಂದಲ್ಲ. ದಿನಕ್ಕೆ ಹತ್ತು ಲಂಗೋಟಿ ಒಗೆಯಲು ಮೂವತ್ತು ನಾಲ್ವತ್ತು ಲೀಟರು ನೀರು ಬೇಕು. ಜಲಜೀವನ ಯೋಜನೆಯಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ಗೊತ್ತುಮಾಡಿರುವ ದಿನದ ಪಾಲೇ 55 ಲೀಟರು. ಬೇಸಗೆಯಲ್ಲಿ ಅಷ್ಟೂ ಸಿಕ್ಕದ ಊರುಗಳು ನಮ್ಮ ಜಿಲ್ಲೆಯಲ್ಲಿ ಕಡಿಮೆಯಲ್ಲ. ‘ಬಟ್ಟೆಯನ್ನೇ ಬಳಸಿ’ ಎಂದು ಉಪದೇಶಿಸುವವರು ಈ ನೀರನ್ನು ಹೊರುವವರು ಯಾರೆಂಬುದನ್ನೂ ಯೋಚಿಸಬೇಕು.

ನೀರನ್ನು ಉಳಿಸಲು ಭೌತಶಾಸ್ತ್ರದ ಒಂದು ಸಣ್ಣ ಲೆಕ್ಕ ಸಹಾಯಮಾಡುತ್ತದೆ. ಹಿಂಡಿದ ಮೇಲೂ ಬಟ್ಟೆಗಳಲ್ಲಿ 2 ಲೀಟರು ಕೊಳೆನೀರು ಉಳಿದಿದೆಯೆಂದೂ, ಜಾಲಿಸಲು ನಮ್ಮಲ್ಲಿ 12 ಲೀಟರು ಇದೆಯೆಂದೂ ಭಾವಿಸಿರಿ. ಅದನ್ನೆಲ್ಲ ಒಮ್ಮೆಗೇ ಸುರಿದು ಮತ್ತೆ ಹಿಂಡಿದರೆ ಉಳಿಯುವ ಕೊಳೆ 14ರಲ್ಲಿ 2 ಪಾಲು, ಅಂದರೆ ಏಳರಲ್ಲೊಂದು. ಅದೇ ನೀರನ್ನು ನಾಲ್ಕು ನಾಲ್ಕು ಲೀಟರಿನಂತೆ ಮೂರು ಸಲ ಹಾಕಿ ಪ್ರತಿಸಲವೂ ಹಿಂಡಿದರೆ ಒಂದೊಂದು ಸಲಕ್ಕೂ ಮೂರರಲ್ಲೊಂದು ಪಾಲು ಉಳಿದು, ಕೊನೆಗೆ ಇಪ್ಪತ್ತೇಳರಲ್ಲೊಂದು ಪಾಲು ಮಾತ್ರ ನಿಲ್ಲುತ್ತದೆ. ಕೊನೆಯ ಸಲದ ನೀರು ಹೆಚ್ಚುಕಡಿಮೆ ತಿಳಿಯಾಗಿರುವುದರಿಂದ ಮಾರನೆಯ ದಿನದ ಮೊದಲ ಸಲಕ್ಕೆ ಅದನ್ನೇ ಬಳಸಬಹುದು. ಮಲ ತೊಳೆದ ನೀರು ಮಾತ್ರ ಚರಂಡಿಗಲ್ಲದೆ ಕಕ್ಕಸಿಗೇ ಹೋಗಬೇಕು. ಒಗೆದ ಬಟ್ಟೆಗೆ ನಡುಹಗಲಿನ ಬಿಸಿಲಿಗಿಂತ ಅಗ್ಗವಾದ ರೋಗನಾಶಕವಿಲ್ಲ.

ಹಗಲು ಲಂಗೋಟಿ, ರಾತ್ರಿಗೂ ಪ್ರಯಾಣಕ್ಕೂ ಡಯಪರು ಎಂದು ಗೊತ್ತುಮಾಡಿಕೊಂಡ ಮನೆಯಲ್ಲಿ ಎರಡೂವರೆ ವರ್ಷದ ಲೆಕ್ಕ 3,650ರಿಂದ ಸುಮಾರು 900ಕ್ಕೆ ಇಳಿಯುತ್ತದೆ. ಒಂದಕ್ಕೆ ಹತ್ತು ರೂಪಾಯಿಯೆಂದು ಹಿಡಿದರೆ 36,500 ರೂಪಾಯಿಯ ಬದಲು 9,000. ಒಂದೂವರೆ ಘನ ಮೀಟರಿನ ರಾಶಿಯ ಬದಲು ಉಳಿಯುವುದು ಮೂರಡಿ ಆಳದ ಒಂದೇ ಗುಂಡಿಯಲ್ಲಿ ಅಡಗುತ್ತದೆ. ಗಾಡಿಯವರ ಕೈಗೆ ಹೋಗುವುದು ವಾರಕ್ಕೆ ಏಳು ಒಣ ಹಾಳೆಗಳು.