ತೊಗರಿಯ ಗೊಡ್ಡು ರೋಗವೂ ಕಣ್ಣಿಗೆ ಕಾಣದ ನುಸಿಯೂ



ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಶೇಂಗಾ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವುದು ವಾಡಿಕೆ. ಆ ಸಾಲಿನಲ್ಲಿ ಒಂದೊಂದು ಗಿಡ ಪೊದೆಯಂತೆ ಬೆಳೆದು, ಎಲೆ ಚಿಕ್ಕದಾಗಿ, ತಿಳಿಹಳದಿ ಮಚ್ಚೆ ತೋರಿ, ಹೂವೇ ಬಿಡದೆ ನಿಲ್ಲುವುದುಂಟು. "ಗಿಡವೇನೋ ಸೊಂಪಾಗೈತೆ, ಕಾಯೇ ಇಲ್ವಲ್ಲ!" ಅನ್ನುತ್ತೀರಿ. ಇದೇ ಗೊಡ್ಡು ರೋಗ.

ಬಿಹಾರದ ಪೂಸಾದಲ್ಲಿ 1931ರಲ್ಲೇ ಈ ರೋಗವನ್ನು ಗುರುತಿಸಿದ್ದರು. ಆದರೆ ಇದನ್ನು ತರುವ ವೈರಸ್ ಎಂಬ ನಂಜು ಕೈಗೆ ಸಿಕ್ಕಿದ್ದು 2000ದ ಸುಮಾರಿಗೆ. ವಿಜ್ಞಾನಿಗಳು ಅದನ್ನೀಗ ಎಮಾರಾವೈರಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಅಂಜೂರದ ಎಲೆಗೆ ಮಚ್ಚೆ ತರುವ ವೈರಸ್ಸೂ ಅದೇ ಕುಲದ್ದು. ಎರಡನ್ನೂ ಹರಡುವುದು ನುಸಿಯೇ.

ನುಸಿಯೆಲ್ಲ ಒಂದೇ ಅಲ್ಲ. ಶೇಂಗಾದ ಕುಡಿ ಸಾಯುವ ರೋಗ ಹರಡುವ ಥ್ರಿಪ್ಸ್ ನುಸಿ ಆರು ಕಾಲಿನ ಕೀಟ. ತೊಗರಿಯ ನುಸಿ ಕೀಟವಲ್ಲ, ಜೇಡದ ಬಳಗ. ನಾಲ್ಕೇ ಕಾಲು, ರೆಕ್ಕೆಯಿಲ್ಲ. ಎಲೆಯಡಿ ಕೂತಿದ್ದು ಗಾಳಿಯಲ್ಲಿ ತೇಲಿಹೋಗುತ್ತದೆ. ಕೀಟಕ್ಕೆ ಹೊಡೆಯುವ ಔಷಧಿಯೆಲ್ಲ ಇದಕ್ಕೆ ನಾಟದು.

ಬೀಜದಿಂದ ಈ ರೋಗ ಬಾರದು. ಕೂಳೆ ತೊಗರಿ, ಬದುವಿನ ಹಳೆ ಗಿಡ, ಇವೇ ಅದರ ತವರು. ಬಿತ್ತುವ ಮೊದಲೇ ಕಿತ್ತುಬಿಡಿ. 45 ದಿನದೊಳಗೆ ರೋಗ ತಗುಲಿದ ಗಿಡ ಹೆಚ್ಚುಕಡಿಮೆ ಪೂರಾ ಗೊಡ್ಡು. ಹೂವಿಗಾಗಿ ಕಾಯಬೇಡಿ, ಎಲೆ ನೋಡಿಯೇ ಕಿತ್ತು ಸುಡಿ. ಈ ವೈರಸ್ಸಿನಲ್ಲೂ ಬಗೆಗಳಿವೆ. ಒಂದು ಕಡೆ ಗೆದ್ದ ತಳಿ ಇನ್ನೊಂದು ಕಡೆ ಸೋಲಬಹುದು. ನಮ್ಮ ಸೀಮೆಗೆ ತಡೆಯುವ ತಳಿ ಯಾವುದೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಬೀಜ ತನ್ನಿ.