ಗಣಕಭಾಷೆಯ ಕೈಪಿಡಿಯೂ ‘ಸುಮಾ’ ಎಂಬ ಹೆಸರೂ

ಬಾಗಲೂರಿನ ಸಮೀಪದ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಗಳ ಲೆಕ್ಕವನ್ನು ಪೈಥಾನ್ ಎಂಬ ಗಣಕಭಾಷೆಯಲ್ಲಿ ಮಾಡಿಸುವ ರೂಢಿಯಿದೆ. ಕಳೆದ ವರ್ಷ ವಿದ್ಯಾರ್ಥಿನಿಯೊಬ್ಬಳು, ತರಗತಿಯವರ ಹೆಸರುಗಳನ್ನು ಕನ್ನಡದಲ್ಲಿಯೇ ಬರೆಯಿಸಿಕೊಂಡು ಅವರವರ ಅಳತೆಗಳನ್ನು ಹೆಸರಿನ ಎದುರಿಗೆ ಕೂಡಿಡುವ ಚಿಕ್ಕದೊಂದು ಕ್ರಮವಿಧಿಯನ್ನು ರಚಿಸಿದಳು. ಹೆಸರಿನ ಜಾಗದಲ್ಲಿ ಯಾರಾದರೂ ಅಂಕೆಯನ್ನೋ ಚಿಹ್ನೆಯನ್ನೋ ಒತ್ತಿದರೆ ತಿರಸ್ಕರಿಸಲೆಂದು ‘ಐಸ್‌ಆಲ್ಫಾ’ ಎಂಬ ಪರೀಕ್ಷೆಯನ್ನೂ ಸೇರಿಸಿದಳು. ಬರೆದುದೆಲ್ಲವೂ ಅಕ್ಷರಗಳೇ ಆಗಿದ್ದರೆ ಈ ಪರೀಕ್ಷೆ ‘ನಿಜ’ ಎನ್ನುತ್ತದೆ, ಅಲ್ಲವಾದರೆ ‘ಸುಳ್ಳು’ ಎನ್ನುತ್ತದೆ. ಕಮಲ ಎಂಬವಳ ಹೆಸರನ್ನು ಯಂತ್ರ ಒಪ್ಪಿಕೊಂಡಿತು. ಅವಳ ಹಿಂದೆ ನಿಂತಿದ್ದವಳು ಸುಮಾ. ಅವಳ ಹೆಸರು ಅಕ್ಷರಗಳಲ್ಲವೆಂದು ಯಂತ್ರ ತೀರ್ಪಿತ್ತಿತು!

ತರಗತಿಯಲ್ಲಿ ನಗುವೋ ನಗು. ಆದರೆ ಈ ಪ್ರಯೋಗಾಲಯವನ್ನು ಬಿಟ್ಟು ಪರೀಕ್ಷೆಯ ಅರ್ಜಿಯನ್ನೋ ಪಡಿತರ ಚೀಟಿಯನ್ನೋ ನೆನೆಯಿರಿ. ಅಲ್ಲಿಯೂ ಯಾರೋ ಒಬ್ಬರು ಇದೇ ಪರೀಕ್ಷೆಯನ್ನು ಇಟ್ಟಿದ್ದರೆ, ಕನ್ನಡದ ಮುಕ್ಕಾಲು ಪಾಲು ಹೆಸರುಗಳು ಬಾಗಿಲಲ್ಲಿಯೇ ಉಳಿದಾವು.

ಹಾಗಾದರೆ ಯಂತ್ರ ತಪ್ಪಿತೆ? ಇಲ್ಲ. ಪ್ರಪಂಚದ ಲಿಪಿಗಳಿಗೆಲ್ಲ ಕ್ರಮಸಂಖ್ಯೆಗಳನ್ನು ಕೊಟ್ಟಿರುವ ಯೂನಿಕೋಡ್ ಪದ್ಧತಿಯಲ್ಲಿ ‘ಕ’, ‘ಮ’, ‘ಲ’ ಇವು ಅಕ್ಷರವೆಂಬ ವರ್ಗಕ್ಕೆ ಸೇರಿವೆ. ಆದರೆ ‘ಸು’ ಎಂಬುದು ಅಲ್ಲಿ ಒಂದು ಘಟಕವಲ್ಲ. ‘ಸ’ ಒಂದು, ಕೊಂಬು ಇನ್ನೊಂದು. ಕೊಂಬು, ಗುಡಿಸು, ದೀರ್ಘ, ಅರ್ಧಾಕ್ಷರದ ಗುರುತು, ಇವೆಲ್ಲವೂ ‘ಗುರುತು’ ಎಂಬ ಬೇರೆ ವರ್ಗಕ್ಕೆ ಸೇರುತ್ತವೆ. ‘ಕಮಲ’ದಲ್ಲಿ ಗುರುತುಗಳೇ ಇಲ್ಲ, ‘ಸುಮಾ’ದಲ್ಲಿ ಎರಡಿವೆ. ‘ಕನ್ನಡ’ ಎಂಬ ಪದವೇ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ವಿನೋದವೆಂದರೆ, ಅದೇ ಭಾಷೆಯಲ್ಲಿ ‘ಸುಮಾ’ ಎಂಬುದನ್ನು ಚರಾಕ್ಷರದ ಹೆಸರಾಗಿ ಧಾರಾಳವಾಗಿ ಬಳಸಬಹುದು. ಅದಕ್ಕೆ ಇರುವ ನಿಯಮ ಬೇರೆ.

ಇಷ್ಟು ಸಂಗತಿ ಕೈಪಿಡಿಯಲ್ಲಿ ಇರಲಿಲ್ಲವೆ ಎಂದು ವಾಚಕರು ಕೇಳಬಹುದು. ಇತ್ತು; ಇರುವ ರೀತಿಯೇ ತೊಡಕು. ಪೈಥಾನ್ ಭಾಷೆಯೊಡನೆ ಒಂದು ದೊಡ್ಡ ಉಗ್ರಾಣವೇ ಬರುತ್ತದೆ. ಅದಕ್ಕೆ ಸ್ಟ್ಯಾಂಡರ್ಡ್ ಲೈಬ್ರರಿ ಎಂದು ಹೆಸರು. ಕಡತ ಓದುವುದು, ದಿನಾಂಕ ಎಣಿಸುವುದು, ಸರಾಸರಿ ತೆಗೆಯುವುದು ಮೊದಲಾದ ನಿತ್ಯದ ಕೆಲಸಗಳಿಗೆ ಸಿದ್ಧ ಸಲಕರಣೆಗಳು ಅದರಲ್ಲಿವೆ. ಆ ಸಲಕರಣೆಗಳ ವಿವರಣೆಯೇ ಕೈಪಿಡಿ. ‘ಐಸ್‌ಆಲ್ಫಾ’ದ ಕುರಿತು ಅದು ಯೂನಿಕೋಡಿನ ಐದು ವರ್ಗಗಳ ಸಂಕ್ಷಿಪ್ತ ಸಂಕೇತಗಳನ್ನು ಹೇಳಿ, ಯೂನಿಕೋಡಿನಲ್ಲಿಯೇ ಇರುವ ಇನ್ನೊಂದು ವಿಶಾಲವಾದ ಲಕ್ಷಣಕ್ಕೂ ಇದಕ್ಕೂ ವ್ಯತ್ಯಾಸವಿದೆಯೆಂದು ಎಚ್ಚರಿಸುತ್ತದೆ. ಒಂದು ಮಾತೂ ಸುಳ್ಳಲ್ಲ. ಆದರೆ ಆ ಸಂಕೇತಗಳನ್ನು ಮೊದಲೇ ಬಲ್ಲವನಿಗೆ ಮಾತ್ರ ಅದು ತಿಳಿಯುತ್ತದೆ. ಬಲ್ಲವನಿಗೆ ಕೈಪಿಡಿ ಏತಕ್ಕೆ?

ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜನನ್ನು ಇಲ್ಲಿ ನೆನೆಯದೆ ಇರಲಾರೆ. ‘ಶಬ್ದಮಣಿದರ್ಪಣ’ದಲ್ಲಿ ಅವನು ಸೂತ್ರವನ್ನು ಹೇಳಿ ಸುಮ್ಮನಾಗಲಿಲ್ಲ. ಅದರ ಕೆಳಗೆ ವೃತ್ತಿಯನ್ನು ಬರೆದು, ಅದರ ಕೆಳಗೆ ಪ್ರಯೋಗಗಳನ್ನು ಕೊಟ್ಟನು. ಸೂತ್ರ ನಿಯಮವನ್ನು ಕಟ್ಟುತ್ತದೆ, ವೃತ್ತಿ ಅದನ್ನು ಬಿಡಿಸುತ್ತದೆ, ಪ್ರಯೋಗ ಕಣ್ಣಿಗೆ ಕಾಣಿಸುತ್ತದೆ. ಗಣಕದ ಕೈಪಿಡಿಗಳಲ್ಲಿ ಅನೇಕ ಕಡೆ ಸೂತ್ರವಿದೆ, ವೃತ್ತಿಯೂ ಇದೆ. ಪ್ರಯೋಗದ ಸ್ಥಾನ ಬರಿದು, ಅಥವಾ ಅಲ್ಲಿರುವುದು ಇಂಗ್ಲಿಷಿನ ಉದಾಹರಣೆ.

ಭೌತಶಾಸ್ತ್ರದಿಂದಲೇ ಇನ್ನೊಂದು ಪ್ರಸಂಗ. ಲೋಲಕದ ಇಪ್ಪತ್ತು ಆಂದೋಲನಗಳ ಕಾಲವನ್ನು ಐದು ಸಲ ಅಳೆದು 40, 41, 39, 42, 38 ಸೆಕೆಂಡುಗಳು ಬಂದವೆನ್ನಿ (ಲೆಕ್ಕ ಸುಲಭವಾಗಲೆಂದು ಅಂಕೆಗಳನ್ನು ದುಂಡಾಗಿಸಿದ್ದೇನೆ). ಸರಾಸರಿ 40. ಅಂತರಗಳ ವರ್ಗಗಳ ಮೊತ್ತ 10. ಮಾನಕ ವಿಚಲನೆಗಾಗಿ ಇದನ್ನು ಐದರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.41, ನಾಲ್ಕರಿಂದ ಭಾಗಿಸಿದರೆ 1.58. ಅಳತೆ ಮಾಡಿದ್ದು ಐದೇ ಸಲವಾದುದರಿಂದ, ಮತ್ತು ಸರಾಸರಿಯನ್ನೂ ಆ ಐದರಿಂದಲೇ ತೆಗೆದುದರಿಂದ, ಇಲ್ಲಿ ನಾಲ್ಕರ ಭಾಗಾಕಾರವೇ ಸಲ್ಲುತ್ತದೆ. 2014ರಲ್ಲಿ ಪೈಥಾನಿನ ಉಗ್ರಾಣಕ್ಕೆ ಸೇರಿದ ಸಂಖ್ಯಾಶಾಸ್ತ್ರದ ವಿಭಾಗದಲ್ಲಿ ಎರಡಕ್ಕೂ ಬೇರೆ ಬೇರೆ ಸಲಕರಣೆಗಳಿವೆ: ‘ಎಸ್‌ಟಿಡೆವ್’ ನಾಲ್ಕರಿಂದ ಭಾಗಿಸುತ್ತದೆ, ‘ಪಿಎಸ್‌ಟಿಡೆವ್’ ಐದರಿಂದ. ಉಗ್ರಾಣದ ಹೊರಗಿನ ನಮ್‌ಪೈ ಎಂಬ ಸಲಕರಣೆ, ನಾವು ಬೇರೆ ಹೇಳದಿದ್ದರೆ, ಐದರಿಂದಲೇ ಭಾಗಿಸುತ್ತದೆ. ಒಂದೇ ಮೇಜಿನ ಇಬ್ಬರು ಹುಡುಗರು ಎರಡು ಉತ್ತರಗಳನ್ನು ತಂದು, ಗಡಿಯಾರ ಕೆಟ್ಟಿದೆಯೆಂದು ನನ್ನಲ್ಲಿ ದೂರಿದರು! ಇಲ್ಲಿ ಮಾತ್ರ ದೋಷ ಕೈಪಿಡಿಯದಲ್ಲ. ಅದರಲ್ಲಿ ವಿಷಯ ಸ್ಪಷ್ಟವಾಗಿಯೇ ಇತ್ತು, ಇಬ್ಬರೂ ಓದಿರಲಿಲ್ಲ.

ಈ ಕೈಪಿಡಿಯನ್ನು ಬರೆಯುವವರು ಯಾರು? ಬಹುಪಾಲು ಸ್ವಯಂಸೇವಕರು. 1991ರಲ್ಲಿ ಗೀಡೋ ವಾನ್ ರಾಸಮ್ ಎಂಬ ಡಚ್ ಕ್ರಮವಿಧಿಕಾರರು ಪ್ರಕಟಿಸಿದ ಈ ಭಾಷೆ ಈಗ ಯಾವ ಒಬ್ಬರ ಸ್ವತ್ತೂ ಅಲ್ಲ. ನಮ್ಮ ನಾಡಿನಲ್ಲಿಯೂ ಇದರ ಬಳಗ ದೊಡ್ಡದು. ಭಾರತದ ಮೊದಲನೆಯ ಪೈಕಾನ್ ಸಮಾವೇಶ 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ನಡೆಯಿತು. ಕೈಪಿಡಿಯ ಮೂಲಪ್ರತಿಗಳು ಮೊದಲು ಲೇಟೆಕ್ ಎಂಬ ಅಚ್ಚಿನ ಭಾಷೆಯಲ್ಲಿದ್ದುವು. ಅದನ್ನು ಬಲ್ಲವರು ಕಡಿಮೆಯಾದ್ದರಿಂದ ತಿದ್ದುವವರೂ ಕಡಿಮೆ. 2008ರ ಆವೃತ್ತಿಯ ವೇಳೆಗೆ ಗಿಯೋರ್ಗ್ ಬ್ರಾಂಡ್ಲ್ ಅವರು ‘ಸ್ಫಿಂಕ್ಸ್’ ಎಂಬ ಸಾಧನವನ್ನು ರಚಿಸಿ, ಎಲ್ಲವನ್ನೂ ಸರಳವಾದ ಪಠ್ಯರೂಪಕ್ಕೆ ತಂದರು. ಈಗ ಯಾರು ಬೇಕಾದರೂ ಒಂದು ವಾಕ್ಯವನ್ನು ತಿದ್ದಿ ಸೂಚಿಸಬಹುದು. ಅನುಭವಸ್ಥರು ಪರಿಶೀಲಿಸಿ ಸೇರಿಸುತ್ತಾರೆ, ಇಲ್ಲವೆ ಕಾರಣ ಹೇಳಿ ಹಿಂದಿರುಗಿಸುತ್ತಾರೆ.

ಕೈಪಿಡಿಯ ದೊಡ್ಡ ಶತ್ರು ಕಾಲ. ಸಲಕರಣೆ ಬದಲಾಗುತ್ತದೆ, ವಿವರಣೆ ಹಾಗೆಯೇ ಉಳಿಯುತ್ತದೆ. ಇದಕ್ಕೆ ಟಿಮ್ ಪೀಟರ್ಸ್ ಕಂಡುಹಿಡಿದ ಉಪಾಯ ನನಗೆ ಬಹಳ ಮೆಚ್ಚುಗೆಯಾದುದು. 2001ರಿಂದ ಉಗ್ರಾಣದಲ್ಲಿರುವ ‘ಡಾಕ್‌ಟೆಸ್ಟ್’ ಎಂಬ ಇದು, ಕೈಪಿಡಿಯಲ್ಲಿ ಬರೆದ ಉದಾಹರಣೆಗಳನ್ನು ಹೆಕ್ಕಿ ತೆಗೆದು, ಯಂತ್ರದಲ್ಲಿ ನಿಜವಾಗಿಯೇ ನಡೆಸಿ, ಬಂದ ಉತ್ತರ ಪುಸ್ತಕದ ಉತ್ತರಕ್ಕೆ ಸರಿಯಾಗಿದೆಯೆ ಎಂದು ನೋಡುತ್ತದೆ. ಸರಿಯಿಲ್ಲವಾದರೆ ‘ನಿರೀಕ್ಷಿಸಿದ್ದು ಇದು, ದೊರೆತದ್ದು ಇದು’ ಎಂದು ಎರಡನ್ನೂ ಎದುರುಬದುರಾಗಿ ತೋರಿಸುತ್ತದೆ. ಪಠ್ಯಪುಸ್ತಕದ ಕೊನೆಯ ಉತ್ತರಗಳಿಗೂ ಇಂಥದೊಂದು ವ್ಯವಸ್ಥೆ ಇದ್ದಿದ್ದರೆ ಎಷ್ಟು ಮಂದಿ ಮೇಷ್ಟರುಗಳ ಮಾನ ಉಳಿಯುತ್ತಿತ್ತೋ!

ಆ ವಿದ್ಯಾರ್ಥಿನಿ ತಾನೇ ಒಂದು ತಿದ್ದುಪಡಿಯನ್ನು ಬರೆಯಲು ಕುಳಿತಳು. ಮೊದಲ ಕರಡು ಒಂದು ಪುಟವಿತ್ತು. ಅರ್ಧ ಅದರಲ್ಲಿ ಕನ್ನಡದ ಹಿರಿಮೆ. ಹೊಡೆದುಹಾಕಿಸಿದೆ. ಎರಡನೆಯದರಲ್ಲಿ, ಕನ್ನಡ ಮೊದಲಾದ ಲಿಪಿಗಳಲ್ಲಿ ಸ್ವರಚಿಹ್ನೆಗಳು ಈ ಪರೀಕ್ಷೆಯ ಮಟ್ಟಿಗೆ ಅಕ್ಷರಗಳಲ್ಲವೆಂಬ ಒಂದು ವಾಕ್ಯ, ಕೆಳಗೆ ಎರಡು ಪ್ರಯೋಗಗಳು: ‘ಕಮಲ’ಕ್ಕೆ ನಿಜ, ‘ಸುಮಾ’ಕ್ಕೆ ಸುಳ್ಳು. ಜೊತೆಗೆ, ಹೆಸರಿನ ಉದ್ದವನ್ನು ಹೇಳುವ ‘ಲೆನ್’ ಎಂಬುದರ ಉದಾಹರಣೆಯೂ ಇರಲೆಂದು ಮೂರನೆಯ ಸಾಲನ್ನು ಸೇರಿಸಿ, ‘ಸುಮಾ’ ಎಂಬುದರ ಎದುರಿಗೆ 2 ಎಂದು ಬರೆದು ಡಾಕ್‌ಟೆಸ್ಟಿಗೆ ಒಡ್ಡಿದಳು.

ನಿರೀಕ್ಷಿಸಿದ್ದು 2, ದೊರೆತದ್ದು 4.

ಕೊಂಬನ್ನೂ ದೀರ್ಘವನ್ನೂ ಅವಳೇ ಮರೆತಿದ್ದಳು. 2 ಎಂಬುದನ್ನು ಅಳಿಸಿ 4 ಎಂದು ಬರೆದಳು. ಸ್ವಲ್ಪ ಹೊತ್ತು ಯೋಚಿಸಿ, ಮೂರನೆಯ ಸಾಲನ್ನು ತೆಗೆಯದೆ ಹಾಗೆಯೇ ಉಳಿಸಿದಳು.